ಕೊನೆಯ ಪಟ್ಟಿಯ ಮೊಲ

ಬಾಗಲವಾಡದ ದೊಡ್ಡಮನೆಯ ಯಜಮಾನತಿ ನಾನು. ನಾನು ಹೇಳದೆ ನಮ್ಮ ಹೊಲದಲ್ಲಿ ಕುಡುಗೋಲು ಏಳುವುದಿಲ್ಲ. ಗೆಳತಿಯರೇ, ಇವತ್ತು ಜೋಳದ ಕೊಯ್ಲು ಸುತ್ತಲಿಂದ ಬಂದು ನಡುವೆ ಬೆಳೆಯ ಒಂದೇ ಪಟ್ಟಿ ಉಳಿಯಿತು. ಕೊನೆಯ ಪಟ್ಟಿಯಲ್ಲಿ ಅಡಗಿದ್ದು, ಅದನ್ನು ಕೊಯ್ಯುವಾಗ ಓಡುವ ಮೊಲಗಳು ಕೊಯ್ಲಿನವರ ಪಾಲು, ಅದು ನಮ್ಮ ಕಡೆಯ ರೂಢಿ. ಮೊದಲೆಲ್ಲ ಹಿಂಡೇ ಹೊರಡುತ್ತಿತ್ತು. ಈ ಸಲ ಕಂಡದ್ದು ಎರಡೇ ಕಿವಿ.

ಕೊಯ್ಲಿನವರ ಮುಖಂಡ ಹನುಮಂತ ಬಡಿಗೆ ಎತ್ತಿದ. "ಯವ್ವಾ, ಮೊಲ ನಮ್ಮದು. ರಿವಾಜ ಅದ."

"ಇದ್ದದ್ದೊಂದನ್ನೂ ತಿಂದ್ರ ಬರೋ ವರ್ಷ ಇಲಿ ಹಿಡೀತಿಯೇನಲೇ? ಮೊಲ ನಿಂದು, ಖರೆ. ಪಟ್ಟಿ ನಂದು. ಕೊಯ್ಸಂಗಿಲ್ಲ."

"ಒಂದು ಮೊಲಕ್ಕ ಇಷ್ಟು ಜ್ವಾಳ ಬಿಡ್ತೀರೇನ್ರಿ?"

"ನಿನ್ನಂಥಾವನ್ನ ಸಾಕೀನಿ, ಅದನ್ನ ಸಾಕಾಕ ಆಗಂಗಿಲ್ಲೇನು?"

ಎಲ್ಲರೂ ನಕ್ಕರು, ಹನುಮಂತನೂ. ಪಟ್ಟಿ ಹಾಗೆಯೇ ನಿಂತಿದೆ. ಕೊಯ್ಲು ಮುಗಿಯಿತೆಂದು ಸಾರಿ, ಎಲ್ಲರಿಗೂ ಹೋಳಿಗೆ ಬಡಿಸಿಬಿಟ್ಟೆ.