ವಿಜಯಪುರದಲ್ಲಿ ನನ್ನ ಇಂಗ್ಲಿಷು

ಬಸ್ಸಿನಿಂದ ಇಳಿದವನೇ ಮೂಗು ಮುಚ್ಚಿಕೊಂಡೆ. ಇದ್ದಿಲ ಗ್ಯಾಸಿನಿಂದ ಓಡುವ ಆ ಯುದ್ಧಕಾಲದ ಬಸ್ಸು ಬೆಂಗಳೂರಿನಿಂದ ಕೆಮ್ಮುತ್ತಾ ಬಂದು ನನ್ನ ಬಿಳಿ ಅಂಗಿಯನ್ನು ಕಪ್ಪು ಮಾಡಿತ್ತು. ಆ ಹೊಗೆಗೆ ಹೇಗೋ ಹೊಂದಿಕೊಂಡಿದ್ದೆ. ಇದು ಬೇರೆ, ಬೇಯಿಸಿದ ಹುಳುವಿನ ವಾಸನೆ. ಬೀದಿಯ ಎರಡೂ ಕಡೆ ಹೆಂಗಸರು ಕುದಿಯುವ ನೀರಿನ ಮುಂದೆ ಕುಳಿತು, ಅದರಲ್ಲಿ ತೇಲುವ ಗೂಡುಗಳಿಂದ ರೇಷ್ಮೆಯ ಎಳೆ ತೆಗೆಯುತ್ತಿದ್ದರು. ಎಳೆ ಮುಗಿದ ಮೇಲೆ ಉಳಿದ ಸತ್ತ ಹುಳುಗಳ ರಾಶಿ ಪಕ್ಕದಲ್ಲೇ ಬಿದ್ದಿತ್ತು.

ಬೆಟಗೇರಿಯ ನೇಕಾರರ ಮನೆಯವನು ನಾನು. ಮೂರು ತಲೆಮಾರಿನಿಂದ ನಮ್ಮ ಮಗ್ಗದ ಮೇಲೆ ರೇಷ್ಮೆ ಆಡಿದೆ. ನಮ್ಮ ಮನೆಗೆ ಅದು ಬಣ್ಣ ಕಟ್ಟಿಸಿಕೊಂಡು, ಲಡಿಯಾಗಿ, ಮದುವೆಯ ಹೆಣ್ಣಿನ ಹಾಗೆ ಬರುತ್ತಿತ್ತು. ಅದಕ್ಕೆ ಇಂಥದೊಂದು ತವರುಮನೆ ಇದೆಯೆಂದು ಯಾರೂ ಹೇಳಿರಲಿಲ್ಲ.

ನಾನು ಇಲ್ಲಿಗೆ ಬಂದ ಕಾರಣ ನಮ್ಮ ಕಡೆಯ ಕೆಲವರಿಗಾದರೂ ಗೊತ್ತಿದೆ. ಧಾರವಾಡದಲ್ಲಿ ಬಿ.ಎ. ಓದಿ ಇಂಗ್ಲಿಷಿನಲ್ಲಿ ನಪಾಸಾದೆ, ಉಳಿದದ್ದೆಲ್ಲ ಪಾಸು. ನಿನ್ನ ಶಬ್ದಸಂಪತ್ತು ಬಡವಾಗಿದೆ ಎಂದು ನಮ್ಮ ಇಂಗ್ಲಿಷ್ ಅಧ್ಯಾಪಕರು ತರಗತಿಯ ಎದುರಿಗೇ ಹೇಳಿದ್ದರು. ಆ ಮಾತು ಚುಚ್ಚಿಕೊಂಡೇ ಉಳಿಯಿತು. ಹಳೆಯ ನಿಘಂಟೊಂದನ್ನು ಸಂಪಾದಿಸಿ, ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡುವ ವ್ರತ ಹಿಡಿದೆ. ಅದೇ ಹೊತ್ತಿಗೆ ಅಪ್ಪನಿಗೆ ನೂಲು ಕಳಿಸುತ್ತಿದ್ದ, ಬೆಂಗಳೂರಿನ ಬಳಿಯ ಈ ವಿಜಯಪುರದ ಮುನಿಯಪ್ಪನವರು ಇಂಗ್ಲಿಷ್ ಕಾಗದ ಬರೆಯಬಲ್ಲ ಒಬ್ಬ ಹುಡುಗ ಬೇಕೆಂದು ತಿಳಿಸಿದರು. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿದ್ದ ಕಾಲವದು. ಕೊಳ್ಳುವ ಸರ್ಕಾರಿ ಕಚೇರಿಯ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಕಾಗದ ಬರೆಯುತ್ತ ಪರೀಕ್ಷೆಗೂ ಓದಿಕೊಳ್ಳಬಹುದೆಂದು ಹೊರಟುಬಂದೆ.

ಮುನಿಯಪ್ಪನವರು ಹೊಲದಲ್ಲಿ ಹಿಪ್ಪುನೇರಳೆ ಬೆಳೆದು, ಮನೆಯ ಹಿಂದೆ ಆರು ಒಲೆ ಹಾಕಿಸಿ ನೂಲು ತೆಗೆಸುತ್ತಿದ್ದರು. ಒಲೆಗಳ ಪಕ್ಕದ ಕೋಣೆ ನನ್ನದಾಯಿತು. ಕಿಟಕಿ ತೆರೆದರೆ ವಾಸನೆ, ಮುಚ್ಚಿದರೆ ಸೆಕೆ. ಮೊದಲ ಊಟಕ್ಕೆ ಅವರ ಹೆಂಡತಿ ಗೌರಮ್ಮ ರಾಗಿಮುದ್ದೆ ಬಡಿಸಿದರು. ನಾನು ರೊಟ್ಟಿ ತಿಂದು ಬೆಳೆದವನು, ಅಗಿಯತೊಡಗಿದೆ. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬೇಡ ಕಣಪ್ಪಾ, ಸಾರಲ್ಲಿ ಅದ್ದಿ ನುಂಗ್ಬಿಡು" ಎಂದರು ಗೌರಮ್ಮ.

ಅಗಿಯದೆ ನುಂಗುವುದನ್ನು ಕಲಿಯಲು ಹದಿನೈದು ದಿನ ಬೇಕಾಯಿತು. ಭಾಷೆಗೆ ಅಷ್ಟು ಸುಲಭವಾಗಿ ದಾರಿ ಸಿಗಲಿಲ್ಲ. ಕನ್ನಡದವನು ಕನ್ನಡದ ಸೀಮೆಗೇ ಬಂದಿದ್ದೇನೆ ಎಂದುಕೊಂಡಿದ್ದೆ. ಅಂಗಡಿಯಲ್ಲಿ ಉಳ್ಳಾಗಡ್ಡಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿ ತೆಲುಗಿನಲ್ಲಿ ಏನು ಬೇಕೆಂದು ವಿಚಾರಿಸಿದ. ಬೆರಳು ತೋರಿಸಿದ ಮೇಲೆ, "ಓ, ಈರುಳ್ಳೀನಾ?" ಎಂದು ನಕ್ಕ. ನಮ್ಮ ಶೇಂಗಾ ಇಲ್ಲಿ ಕಡ್ಲೆಕಾಯಿ. ನಾವು ಚಲೋ ಎನ್ನುವುದೆಲ್ಲ ಇಲ್ಲಿ ಚೆನ್ನಾಗಿದೆ. ನಾನು ಮಾತಿಗೊಮ್ಮೆ ರೀ ಸೇರಿಸಿದರೆ ಒಲೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಬರಬರುತ್ತ ಮಾತು ಕಡಿಮೆ ಮಾಡಿದೆ. ಮಾತಾಡದೆ ಉಳಿದ ಹೊತ್ತನ್ನೆಲ್ಲ ನಿಘಂಟಿಗೆ ಕೊಟ್ಟೆ. ಕನ್ನಡದಲ್ಲಿ ನಗೆಪಾಟಲಾದವನು ಇಂಗ್ಲಿಷಿನಲ್ಲಾದರೂ ದೊಡ್ಡವನಾಗಬೇಕೆಂಬ ಹಟವಿತ್ತೋ ಏನೋ.

ನೋಟುಪುಸ್ತಕ ತುಂಬುತ್ತಾ ಬಂತು. ಉದ್ದವಾದ, ಉಚ್ಚರಿಸಲು ಕಷ್ಟವಾದ ಶಬ್ದಗಳನ್ನೇ ಆರಿಸುತ್ತಿದ್ದೆ. ಚಿಕ್ಕ ಶಬ್ದಗಳು ಹೈಸ್ಕೂಲಿನಲ್ಲೇ ಮುಗಿದಿವೆ ಎಂಬ ನಂಬಿಕೆ. ನಾನು ಬರೆದ ಕಾಗದಗಳಲ್ಲಿ ಆ ಶಬ್ದಗಳೆಲ್ಲ ಮೆರವಣಿಗೆ ಹೊರಡುತ್ತಿದ್ದವು. ಒಂದಕ್ಷರ ಅರ್ಥವಾಗದಿದ್ದರೂ ಮುನಿಯಪ್ಪನವರು ಅವನ್ನು ಓದಿಸಿಕೊಂಡು ಕೇಳಿ ಖುಷಿಪಡುತ್ತಿದ್ದರು.

ಒಂದು ದಿನ ಸರ್ಕಾರಿ ಕಚೇರಿಯಿಂದ ಕಾಗದ ಬಂತು. ನಾವು ಕಳಿಸಿದ ಮಾದರಿ ನೂಲಿನ ತೀರ್ಮಾನ ಅದರಲ್ಲಿತ್ತು. ಒಪ್ಪಿಗೆಯಾದರೆ ಯುದ್ಧ ಮುಗಿಯುವವರೆಗೆ ಒಲೆಗಳಿಗೆ ಬಿಡುವಿರುವುದಿಲ್ಲ. ಮುನಿಯಪ್ಪನವರು ಜಗಲಿಗೆ ಬಂದು ಕುಳಿತರು. ಒಲೆಯ ಹೆಂಗಸರಲ್ಲಿ ಹಿರಿಯಳಾದ ನಂಜಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದು ಕಂಬಕ್ಕೆ ಒರಗಿ ನಿಂತಳು.

ಕಾಗದದಲ್ಲಿ 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂಬ ಶಬ್ದವಿತ್ತು, 'ಕಮೆನ್ಸುರೇಟ್' ಎಂಬುದೂ ಇತ್ತು. ಎರಡೂ ನನ್ನ ನೋಟುಪುಸ್ತಕದವು. ಹಳೆಯ ಗೆಳೆಯರನ್ನು ಜಾತ್ರೆಯಲ್ಲಿ ಕಂಡಂತಾಯಿತು. ಎರಡನ್ನೂ ವಿಸ್ತಾರವಾಗಿ ವಿವರಿಸಿದೆ. ಕೊನೆಯಲ್ಲಿ ಎರಡು ಚಿಕ್ಕ ವಾಕ್ಯಗಳಿದ್ದವು. ಮೊದಲನೆಯದರಲ್ಲಿ ನಿಮ್ಮ ನೂಲು ಸದ್ಯಕ್ಕೆ 'ಪಾಸ್ಡ್ ಓವರ್' ಆಗಿದೆ ಎಂದಿತ್ತು. ಪಾಸು ಎಂದರೆ ಯಾರಿಗೆ ಗೊತ್ತಿಲ್ಲ? ಓವರ್ ಎಂದರೆ ಮುಗಿಯಿತು. ಪೂರ್ತಿಯಾಗಿ ಪಾಸಾಗಿದೆ ಎಂದೆ. ಎರಡನೆಯದರಲ್ಲಿ, ತಿಂಗಳ ಕೊನೆಯೊಳಗೆ ಹೊಸ ಮಾದರಿಗಳನ್ನು 'ಪುಟ್ ಅಪ್' ಮಾಡಬಹುದು ಎಂದಿತ್ತು. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ. ಹೊಸ ನೂಲನ್ನು ಎತ್ತಿಡಿ ಎಂದಿದ್ದಾರೆ ಎಂದೆ. ಹೇಳುವಾಗ ಒಳಗೆಲ್ಲೋ ಒಂದು ಚೂರು ಅನುಮಾನ ಬಂದದ್ದು ನಿಜ. ನಾಲ್ಕು ಅಕ್ಷರದ ಶಬ್ದಕ್ಕೆ ನಿಘಂಟು ತೆರೆಯುವುದೇ, ಅದೂ ಇಷ್ಟು ಜನರ ಎದುರಿಗೆ? ತೆರೆಯಲಿಲ್ಲ.

"ಸರಿಯಾಗಿ ಗೊತ್ತಾಯ್ತಾ ಸ್ವಾಮಿ?" ಎಂದು ನಂಜಮ್ಮ ಕೇಳಿದಳು.

ಗೊತ್ತಾಯಿತು ಎಂದೆ.

ಮುನಿಯಪ್ಪನವರು ಇನ್ನಷ್ಟು ಗೂಡು ತರಿಸಿದರು. ನೂಲು ಕೇಳಿಕೊಂಡು ಬಂದ ಬೆಂಗಳೂರಿನ ವ್ಯಾಪಾರಿಯನ್ನು ಕಾಫಿ ಕುಡಿಸಿ ಹಿಂದಕ್ಕೆ ಕಳಿಸಿದರು. ತೆಗೆದ ನೂಲನ್ನೆಲ್ಲ ನಾನು ಹೇಳಿದ ಹಾಗೆ ಅಟ್ಟದ ಮೇಲೆ ಎತ್ತಿಟ್ಟರು. ತಿಂಗಳು ಮುಗಿಯಿತು. ಇನ್ನೊಂದು ತಿಂಗಳೂ ಅರ್ಧ ದಾಟಿತು. ನೂಲು ಒಯ್ಯಲು ಸರ್ಕಾರದ ಲಾರಿ ಬರಲಿಲ್ಲ.

ಕೊನೆಗೆ ಅವರು ಕಾಗದವನ್ನು ಪೋಸ್ಟ್ ಮಾಸ್ಟರ್ ಶಾಮರಾಯರ ಬಳಿಗೆ ಒಯ್ದರು, ಜೊತೆಗೆ ನಾನೂ ಹೋದೆ. ಶಾಮರಾಯರು ಮೆಟ್ರಿಕ್ ದಾಟದವರು. ಹುಡುಗುಪ್ರಾಯದಲ್ಲೇ ಬೆಂಗಳೂರಿನ ದಂಡಿನಲ್ಲಿ ತಂತಿ ಗುಮಾಸ್ತರಾಗಿ ಸೇರಿ, ಇಪ್ಪತ್ತು ವರ್ಷ ಬಿಳಿಯರ ತಂತಿಗಳನ್ನು ಕುಟ್ಟಿದವರು. ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಒಂದೇ ಸಲ ಓದಿದರು.

"ಪಾಸ್ಡ್ ಅಲ್ಲ ಕಣಯ್ಯಾ, ಪಾಸ್ಡ್ ಓವರ್" ಎಂದರು ನನ್ನ ಕಡೆ ತಿರುಗಿ. "ಹಾಗಂದ್ರೆ ಬಿಟ್ಟು ಮುಂದಕ್ಕೆ ಹೋದ್ರು ಅಂತ. ಮತ್ತೆ ಮಾದರಿ ಕಳಿಸಿ, ನೋಡ್ತೀವಿ ಅಂತ ಗಡುವು ಬೇರೆ ಕೊಟ್ಟಿದ್ರಲ್ಲ."

ಗಡುವು ಕಳೆದು ಮೂರು ವಾರವಾಗಿತ್ತು. ಮುನಿಯಪ್ಪನವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಮನೆಯ ಕಡೆ ನಡೆದರು. ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮನೆಗೆ ಹೋದವರು ಒಲೆಯ ಹೆಂಗಸರನ್ನು ಕರೆದು, ಸರ್ಕಾರದವರು ಮಾತು ಬದಲಾಯಿಸಿದರು ಎಂದು ಹೇಳಿದರು. ಅಟ್ಟದ ಮೇಲಿನ ನೂಲು ಖರ್ಚಾಗುವವರೆಗೆ ಆರು ಒಲೆಯಲ್ಲಿ ಎರಡು ಮಾತ್ರ ಉರಿಯುತ್ತವೆ ಎಂದರು. ನನ್ನ ಹೆಸರನ್ನೇ ಎತ್ತಲಿಲ್ಲ. ನಂಜಮ್ಮ, ಚಿಕ್ಕ ಮಕ್ಕಳಿರುವ ಇಬ್ಬರಿಗೆ ಆ ಒಲೆಗಳನ್ನು ಬಿಟ್ಟುಕೊಟ್ಟು, ತಾನು ಹೊಸಕೋಟೆ ಆಚೆಯ ಜಡಿಗೇನಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಕೂಲಿನಾಲಿ ಮಾಡಲು ಹೊರಟಳು. ಹೊರಡುವಾಗ ಸರ್ಕಾರದವರನ್ನು ಶಪಿಸಿದಳು. ನಾನು ಕೋಣೆಯ ಒಳಗೆ ಕುಳಿತು ಕೇಳಿಸಿಕೊಂಡೆ.

ಹತ್ತು ದಿನ ಪುಸ್ತಕ ತೆರೆಯಲಾಗಲಿಲ್ಲ. ಹನ್ನೊಂದನೆಯ ದಿನ ಹೊಸಕೋಟೆಯ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಜಡಿಗೇನಹಳ್ಳಿಗೆ ನಡೆದೆ. ನಂಜಮ್ಮ ಯಾರದೋ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಎದ್ದು ಬದುವಿಗೆ ಬಂದಳು. ದಾರಿಯುದ್ದಕ್ಕೂ ಇಲ್ಲಿಯ ಕನ್ನಡದಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಿಗೆ ಬರದೆ, ನಮ್ಮ ಮಾತೇ ಬಂತು.

"ಸರ್ಕಾರದವರದೇನೂ ತಪ್ಪಿಲ್ಲ ನಂಜಮ್ಮ. ತಪ್ಪು ನಂದ ಐತಿ. ಆ ಕಾಗದ ನನಗ ತಿಳಿದಿರಲಿಲ್ಲ, ತಿಳಿದೈತಿ ಅಂತ ಹೇಳಿದೆ."

ಅವಳು ಈ ಸಲ ನಗಲಿಲ್ಲ. ಕೈಯ ಮಣ್ಣು ಉಜ್ಜಿಕೊಂಡಳು.

"ಗೊತ್ತಿಲ್ಲ ಅನ್ನಕ್ಕೆ ನಿಂಗೇನಾಗಿತ್ತಪ್ಪಾ?" ಎಂದಳು. "ನಮಗೆ ದಿನಾ ನೂರು ಗೊತ್ತಾಗಕಿಲ್ಲ. ಗೊತ್ತಿಲ್ಲ ಅಂತೀವಿ. ಯಾರಾದ್ರೂ ಹೇಳ್ಕೊಡ್ತಾರೆ."

ಕುಡಿಯಲು ಮಜ್ಜಿಗೆ ಕೊಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ಮತ್ತೆ ಬೈಯಲೂ ಇಲ್ಲ. ಕಳೆ ಇನ್ನೂ ಅರ್ಧ ಹೊಲ ಉಳಿದಿದೆ ಎಂದು ಬಗ್ಗಿ ಕೆಲಸ ಹಿಡಿದಳು.

ಅಂದಿನಿಂದ ಬರುವ ಕಾಗದಗಳನ್ನೆಲ್ಲ ಮೊದಲು ಶಾಮರಾಯರಿಗೆ ತೋರಿಸಬೇಕೆಂದು ಮುನಿಯಪ್ಪನವರು ಕಟ್ಟು ಮಾಡಿದರು. ಬಿ.ಎ. ಓದಿದವನು ಮೆಟ್ರಿಕ್ ನಪಾಸಾದವರ ಮುಂದೆ ಕೈಕಟ್ಟಿ ನಿಲ್ಲುವುದು ಮೊದಮೊದಲು ಮೈಗೆ ಮುಳ್ಳಾಯಿತು. ಬರಬರುತ್ತ ಅದೇ ನನ್ನ ಎರಡನೆಯ ಕಾಲೇಜಾಯಿತು. ಅಂಚೆಚೀಲ ಕಟ್ಟಿ ಕಳಿಸಿದ ಮೇಲೆ ಅವರು ಪಾಠ ಹೇಳುತ್ತಿದ್ದರು. ಅವರ ಪಾಠವೆಲ್ಲ ಚಿಕ್ಕ ಶಬ್ದಗಳದೇ. 'ಪುಟ್' ಎಂಬ ಒಂದು ಶಬ್ದಕ್ಕೆ ಬೇರೆ ಬೇರೆ ಬಾಲ ಕಟ್ಟಿದರೆ ಸಹಿಸು, ಮುಂದೂಡು, ನಂದಿಸು, ಮಂಡಿಸು ಎಂದು ಹೇಗೆಲ್ಲ ತಿರುಗುತ್ತದೆಂದು ಕೇಳಿ ತಲೆ ಕೆಟ್ಟುಹೋಯಿತು. ಇಡು, ಕೊಡು, ಬಿಡು, ಹಾಕು ಎಂದು ನಮ್ಮಲ್ಲೂ ಉಂಟಲ್ಲ, ಮಾಡಿಬಿಡು ಅಂದರೆ ಯಾರೂ ಬಿಟ್ಟುಬಿಡುವುದಿಲ್ಲವಲ್ಲ ಎನ್ನುತ್ತಿದ್ದರು ರಾಯರು. ನಾನು 'ಎಪಿಟೋಮ್' ಎಂದು ನಾಲ್ಕು ವರ್ಷ ಓದಿಕೊಂಡಿದ್ದ ಶಬ್ದ 'ಎಪಿಟಮಿ' ಎಂದು ತಿಳಿದದ್ದು ಅವರಿಂದಲೇ. ಕಾಲೇಜಿನಲ್ಲಿ ನಾವು ಇಂಗ್ಲಿಷನ್ನು ಕಣ್ಣಿನಿಂದ ಓದಿದ್ದೆವು, ಅವರು ಕಿವಿಯಿಂದ ಕಲಿತಿದ್ದರು.

ಹೀಗೆ ಉದ್ದ ಶಬ್ದಗಳದೊಂದು, ರಾಯರ ಚಿಕ್ಕ ಶಬ್ದಗಳದೊಂದು ಎಂದು ಎರಡು ನೋಟುಪುಸ್ತಕಗಳಾದವು. ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಪರೀಕ್ಷೆಯ ಹಳೆಯ ಪ್ರಶ್ನೆಗಳಿಗೆ ಉತ್ತರ ಬರೆದು ರಾಯರಿಗೆ ತೋರಿಸಿದರೆ ಅವರು ಅರ್ಧ ಹೊಡೆದುಹಾಕುತ್ತಿದ್ದರು. ಇಷ್ಟು ಉದ್ದದ ಮಾತು ಯಾರಿಗಯ್ಯಾ ಎನ್ನುತ್ತಿದ್ದರು. ಹೊಡೆದದ್ದನ್ನು ಬಿಟ್ಟರೆ ಪರೀಕ್ಷಕರು ಬಡತನ ಎನ್ನುವರಲ್ಲ ಎಂಬ ಭಯ. ಎರಡು ಇಂಗ್ಲಿಷುಗಳ ನಡುವೆ ಸಿಕ್ಕಿ, ಎಷ್ಟೋ ದಿನ ಒಂದು ವಾಕ್ಯವನ್ನೂ ಮುಗಿಸಲಾಗುತ್ತಿರಲಿಲ್ಲ. ಸಿಟ್ಟು ಬಂದು ಒಮ್ಮೆ ನಿಘಂಟನ್ನೇ ಗೋಡೆಗೆ ಎಸೆದೆ. ಅದರ ಬೆನ್ನು ಕಿತ್ತುಹೋಯಿತು. ಗೌರಮ್ಮ ಗೋಂದು ಕಾಯಿಸಿ ಕೊಟ್ಟರು, ಕಾರಣ ಕೇಳಲಿಲ್ಲ.

ಪರೀಕ್ಷೆಗೆ ಧಾರವಾಡಕ್ಕೆ ಹೋದೆ. ಪ್ರಬಂಧ ಬರೆಯುವಾಗ ಕೈ ತಾನಾಗಿ ರಾಯರ ಇಂಗ್ಲಿಷನ್ನೇ ಬರೆಯಿತು. ಮುಗಿಸಿಕೊಂಡು ಬೆಟಗೇರಿಗೆ ಹೋದರೆ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ಈಗ ಬರ್ತೀನಿ ತಡಿಯವ್ವಾ, ಕೈ ತೊಳ್ಕೊಂಬಿಡ್ತೀನಿ ಎಂದೆ. ಅವಳು ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಮೈಸೂರ ಸೀಮಿಯವರ ಹಂಗ ಮಾತಾಡ್ತಿಯಲ್ಲೋ" ಎಂದಳು.

ಅಣ್ಣನ ಮಕ್ಕಳು ದಿನವಿಡೀ ನನ್ನ ಮಾತನ್ನು ಅಣಕಿಸಿ ನಕ್ಕರು. ವಿಜಯಪುರದಲ್ಲಿ ಹೆಂಗಸರು ನಕ್ಕದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಫಲಿತಾಂಶ ಬಂದಾಗ ನಾನು ಮತ್ತೆ ವಿಜಯಪುರದಲ್ಲಿದ್ದೆ. ಇಂಗ್ಲಿಷಿನಲ್ಲಿ ಪಾಸು, ಆದರೆ ದಡ ಮುಟ್ಟಿದ್ದು ಮಾತ್ರ. ಮುಂದೆ ಎಂ.ಎ.ಗೆ ಅಷ್ಟು ಸಾಲದು. ನಮ್ಮ ಅಧ್ಯಾಪಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು ಸುದ್ದಿ ತಿಳಿಸಿದೆ. ಅವರು ನನ್ನ ಪತ್ರದ ಶೈಲಿಯನ್ನು 'ಕ್ಲಾರ್ಕ್ಲಿ' ಎಂದು ಬಣ್ಣಿಸಿ ಎರಡು ಸಾಲಿನ ಉತ್ತರ ಕಳಿಸಿದರು. ಬೆನ್ನು ಅಂಟಿಸಿದ ನಿಘಂಟನ್ನು ತೆರೆದೆ. ಆ ಶಬ್ದಕ್ಕೆ ಹಿಂದಿನ ಕಾಲದಲ್ಲಿ ವಿದ್ವಾಂಸನಿಗೆ ತಕ್ಕದ್ದು ಎಂಬ ಅರ್ಥವಿತ್ತಂತೆ. ಈಗ ಗುಮಾಸ್ತನಿಗೆ ತಕ್ಕದ್ದು ಎಂದು ಅರ್ಥ. ಹೊಗಳಿದರೋ ಜರೆದರೋ ತಿಳಿಯಲಿಲ್ಲ. ರಾಯರ ಬಳಿ ಹೋಗಿ, ನನಗೆ ಗೊತ್ತಾಗಲಿಲ್ಲ ಎಂದೆ. ನನಗೂ ಗೊತ್ತಿಲ್ಲ ಎಂದು ಅವರೂ ಹೇಳಿದರು. ನನ್ನ ಓದಿನಲ್ಲಿ ನಾನು ಗೆದ್ದದ್ದು ಏನಾದರೂ ಇದ್ದರೆ, ನಾಚಿಕೆಯಿಲ್ಲದೆ ಅಷ್ಟು ಹೇಳಲು ಕಲಿತದ್ದು ಒಂದೇ.

ಸುಗ್ಗಿ ಕಳೆದ ಮೇಲೆ ಇನ್ನೆರಡು ಒಲೆ ಹತ್ತಿದವು, ನಂಜಮ್ಮ ವಾಪಸು ಬಂದಳು. ಅವಳ ಜಾಗದಲ್ಲಿ ಅವಳು ಕುಳಿತಾಗ ಬೇಯಿಸಿದ ಹುಳುವಿನ ಆ ವಾಸನೆ ನನಗೆ ಬರಲೇ ಇಲ್ಲ. ಯಾವಾಗಿನಿಂದ ನಿಂತಿತ್ತೋ ಗಮನಿಸಿರಲಿಲ್ಲ.

ಈಗ ಅಣ್ಣ ಬರೆದಿದ್ದಾನೆ. ಗದುಗಿನ ಶಾಲೆಯೊಂದಕ್ಕೆ ಇಂಗ್ಲಿಷ್ ಮಾಸ್ತರ ಬೇಕಂತೆ, ಊರಿಗೆ ಬಂದುಬಿಡು ಎಂದಿದ್ದಾನೆ. ಅರ್ಜಿಯ ನಮೂನೆಯನ್ನೂ ಲಕೋಟೆಯಲ್ಲಿಟ್ಟಿದ್ದ. ಮುನಿಯಪ್ಪನವರಿಗೆ ತಿಳಿಸಿದಾಗ, ಹೋಗೋದಾದ್ರೆ ಹೋಗಪ್ಪಾ, ನಾನು ಬೇಡ ಅನ್ನಲ್ಲ ಎಂದರು. ಆಮೇಲೆ ಆ ದಿನವೆಲ್ಲ ನನ್ನೊಂದಿಗೆ ಮಾತಾಡಲಿಲ್ಲ.

ನಿನ್ನೆ ಅರ್ಜಿಯನ್ನು ಅಂಚೆಗೆ ಹಾಕಿದೆ. ಒಂದು ಪುಟದ ಆ ಕಾಗದವನ್ನು ತುಂಬಲು ಮೂರು ದಿನ ಹಿಡಿಯಿತು. 'ನೇಟಿವ್ ಪ್ಲೇಸ್' ಎಂಬಲ್ಲಿ ಬೆಟಗೇರಿ ಎಂದು ಬರೆಯುವಾಗ ಗೌರಮ್ಮ ಒಳಗಿನಿಂದ ಊಟಕ್ಕೆ ಕರೆದರು, ಪೆನ್ನು ತಡೆಯಿತು. ಅದರ ಕೆಳಗೆ ಸದ್ಯದ ವಿಳಾಸ ಎಂದಿತ್ತು. ವಿಜಯಪುರ ಎಂದು ಬರೆದು, ಸದ್ಯ ಎಂಬ ಮಾತನ್ನೇ ನೋಡುತ್ತ ಕುಳಿತೆ. ಕೆಲಸ ಸಿಗಲೆಂದು ಬಯಸುತ್ತೇನೋ ಸಿಗದಿರಲೆಂದು ಬಯಸುತ್ತೇನೋ ನನಗೇ ತಿಳಿಯದು. ಮಾತೃಭಾಷೆ ಎಂಬ ಕೊನೆಯ ಸಾಲಿನಲ್ಲಿ ಮಾತ್ರ ತಡೆಯದೆ ಕನ್ನಡ ಎಂದು ಬರೆದೆ. ಯಾವ ಕನ್ನಡ ಎಂದು ಅದರಲ್ಲಿ ಕೇಳಿರಲಿಲ್ಲ.