ರೈಲಿನಲ್ಲಿ ಉಳಿದ ಚೀಲ, ಅತ್ತೆಯವರ ಇಷ್ಟಲಿಂಗ

ಹೋದ ಶ್ರಾವಣದ ಎರಡನೆಯ ಸೋಮವಾರ. ಸೇಡಂನ ನಮ್ಮ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋನೆತ್ತಿದೆ. ಮಗಳು ರೇಣುಕಾ ವಾಡಿ ಸ್ಟೇಷನ್ನಿನಿಂದ ಅಳುತ್ತಿದ್ದಳು.

"ಯವ್ವಾ, ಚೀಲ ರೈಲಿನಾಗೇ ಉಳೀತು. ಆಯಿ ಲಿಂಗ ಅದರಾಗೇ ಅದ."

ಆಯಿ ಎಂದರೆ ನನ್ನ ಅತ್ತೆ. ಬೆನ್ನಿನ ಸ್ಕ್ಯಾನಿಗೆಂದು ಅವರನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದಿದ್ದಳು. ಮೈಮೇಲೆ ಲೋಹ ಇರಬಾರದೆಂದು ಅಲ್ಲಿ ಹೇಳಿದ್ದಕ್ಕೆ ಅತ್ತೆಯವರು ಕೊರಳಿನ ಲಿಂಗವನ್ನು ಅದನ್ನಿಡುವ ಬೆಳ್ಳಿ ಕರಡಿಗೆ ಸಮೇತ ತೆಗೆದು ಮೊಮ್ಮಗಳ ಚೀಲದಲ್ಲಿ ಇಟ್ಟರು. ದೀಕ್ಷೆಯಾದ ಮೇಲೆ ಮೈಯಿಂದ ದೂರ ಮಾಡಿದ್ದು ಅದೇ ಮೊದಲು. ಇನ್ನು ಮನೆಗೆ ಬಂದು, ಮಿಂದು, ಪೂಜೆ ಮಾಡಿಯೇ ಕಟ್ಟಿಕೊಳ್ಳುವುದು, ಅಲ್ಲಿಯವರೆಗೆ ಹನಿ ನೀರೂ ಮುಟ್ಟದಿರುವುದು ಅವರ ನೇಮ. ಅವರಿಗೆ ಸಕ್ಕರೆ ಕಾಯಿಲೆ ಬೇರೆ.

ಚೀಲ ರೇಣುಕಾಳೇ ಹೊಲಿದದ್ದು. ಹೆಗಲಿನಿಂದ ಅಡ್ಡಲಾಗಿ ಎದೆ ಹಾಯ್ದು ಸೊಂಟಕ್ಕೆ ಬರುತ್ತದೆ, ಹತ್ತಿಯಷ್ಟು ಹಗುರ. ಟಿಕೆಟ್ಟು, ಗುಳಿಗೆ, ಆಧಾರ್ ಕಾರ್ಡು, ಒಂದೊಂದಕ್ಕೂ ಒಂದು ಖಾನೆ. ಮೈಗೆ ಹತ್ತಿಕೊಂಡೇ ಇರುವ ಚೀಲ ಮರೆಯುವುದಾದರೂ ಹೇಗೆ ಎಂದು ಬೈದೆ. ಲಿಂಗ ಹೊಕ್ಕುಳಿನ ಕೆಳಗೆ ಜೋತಾಡಬಾರದು, ಮೇಲೆ ಹಾಕು ಎಂದು ಅತ್ತೆಯವರೇ ಹೇಳಿದರಂತೆ. ಇವಳು ಕಿಟಕಿ ಪಕ್ಕದ ಕೊಕ್ಕೆಗೆ ಹಾಕಿದ್ದಾಳೆ. ಸೇಡಂಗೆ ವಾಡಿಯಲ್ಲಿ ಗಾಡಿ ಬದಲಿಸಬೇಕು. ನೋವಿನ ಮುದುಕಿಯನ್ನು ಇಳಿಸುವ ಗಡಿಬಿಡಿಯಲ್ಲಿ ಚೀಲ ಯಾದಗಿರಿ ಕಡೆ ಹೋಗಿಬಿಟ್ಟಿತು.

ಅತ್ತೆಯವರಿಗೆ ಸಕ್ಕರೆ ಇಳಿದು ತಲೆ ಸುತ್ತತೊಡಗಿತ್ತು. ನೀರಾದರೂ ಕುಡಿಯಿರಿ ಎಂದು ಫೋನಿನಲ್ಲೇ ಬೇಡಿಕೊಂಡೆ.

"ಲಿಂಗ ಇಲ್ಲದ ಬಾಯಿಗಿ ನೀರ್ ಯಾತಕ್ಕ ಬೇಕವ್ವಾ," ಎಂದರು. ಫೋನನ್ನು ರೇಣುಕಾಳ ಕೈಗೆ ಕೊಟ್ಟುಬಿಟ್ಟರು.

ಒಲೆ ಆರಿಸಿ ದೇವರ ಜಗಲಿಯ ಮುಂದೆ ಕುಳಿತೆ. ಚೀಲ ಕೊಡು ಎಂದು ಕೇಳಲು ಬಾಯಿ ಬರಲಿಲ್ಲ. ಶಿವನೇ, ಆ ಹಿರಿಜೀವದ ಗಂಟಲಿಗೆ ಇವತ್ತು ನೀರು ಇಳಿಸು ಎಂದಷ್ಟೇ ಕೇಳಿದೆ. ಎಷ್ಟು ಹೊತ್ತು ಕುಳಿತಿದ್ದೆನೋ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಶಹಾಬಾದಿನ ಶಾಹಿದಾ ಎಂಬ ಹೆಣ್ಣುಮಗಳು, ಯಾದಗಿರಿಯ ತವರಿಗೆ ಹೊರಟಿದ್ದವರು.

"ಅಕ್ಕೋರೆ, ಚೀಲದ ಒಳಗ ಕೆಂಪು ದಾರದಾಗ ನಿಮ್ ನಂಬರ್ ಹೊಲ್ದಾರ್ರಿ. ಬೆಳ್ಳಿ ಡಬ್ಬಿ ಕಂಡು ದೇವ್ರು ಅಂತ ತಿಳೀತು. ಮುಟ್ಟಿಲ್ರಿ ನಾ."

ಬೇರೆಯವರ ಕೈಗೆ ಕೊಡುವುದಿಲ್ಲ, ಇಳಿದು ತಿರುಗಿ ಬರುವ ಗಾಡಿಗೆ ತಾನೇ ವಾಡಿಗೆ ತರುತ್ತೇನೆ ಎಂದರು.

ಆ ನಂಬರಿನ ವಿಷಯ ನನಗೇ ಗೊತ್ತಿರಲಿಲ್ಲ. ಫೋನೂ ಚೀಲದ ಜೊತೆಗೇ ಕಳೆದರೆ ಎಂದು ರೇಣುಕಾ ತನ್ನದು ಬಿಟ್ಟು ನನ್ನದು ಹೊಲಿದಿದ್ದಳು.

ಎರಡು ತಾಸಿಗೆ ಶಾಹಿದಾ ವಾಡಿಯಲ್ಲಿ ಇಳಿದರು. ಪಟ್ಟಿ ಬಿಗಿ ಮಾಡಿ ಚೀಲವನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದರಂತೆ. ಹಾಗೆ ಮಾಡಲು ಅವರಿಗೆ ಯಾರೂ ಹೇಳಿರಲಿಲ್ಲ. ಅತ್ತೆಯವರು ಮುಖ ತೊಳೆದು ಬೆಂಚಿನ ಮೇಲೆಯೇ ಕುಳಿತು ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದರು. ಇಷ್ಟು ವರ್ಷದ ನೇಮದವರು, ಮನೆಯವರೆಗೂ ಕಾಯಲಿಲ್ಲ.

"ನೀ ತಂದಿ, ನೀನೇ ನೀರ್ ಕೊಡವ್ವಾ," ಎಂದು ಶಾಹಿದಾರ ಕೈಯಿಂದಲೇ ಬಾಟಲಿ ಇಸಿದುಕೊಂಡು ಕುಡಿದರು.

ಮಗಳ ಹೊಲಿಗೆಯ ಬಗ್ಗೆ ನನಗೆ ಹೆಮ್ಮೆ. ಅತ್ತೆಯವರ ಬಗ್ಗೆ ಅದಕ್ಕಿಂತ ಹೆಚ್ಚು. ಆದರೆ ಆ ಕೊಕ್ಕೆಯ ಹತ್ತಿರ ಶಾಹಿದಾರನ್ನು ಕೂರಿಸಿದ್ದು ಶಿವನೇ, ಅದರಲ್ಲಿ ನನಗೆ ಅನುಮಾನವಿಲ್ಲ.

ನೀರು ಕುಡಿದರೆಂದು ರೇಣುಕಾ ಫೋನ್ ಮಾಡಿದಾಗ ಮೋಡ ಕವಿದಿತ್ತು. ಮಾಳಿಗೆಯ ಮೇಲೆ ತೊಗರಿಬೇಳೆ ಒಣಹಾಕಿದ್ದೆ. ಕಣ್ಣೊರೆಸಿಕೊಂಡು ಮೊರ ಹಿಡಿದು ಮೇಲೆ ಹೋದೆ.