ಹೊಟ್ಟಿನೊಳಗಿನ ಆಣೆಕಲ್ಲು

ಒದ್ದೆಯಾದ ನೆಲ್ಲಿನ ಹೊಟ್ಟಿಗೆ ಒಂದು ವಾಸನೆ ಇದೆ. ಹಸಿ ಗೋಣಿಚೀಲದ್ದೂ ಅಲ್ಲ, ಮಣ್ಣಿನದ್ದೂ ಅಲ್ಲ. ಎರಡೂ ಕೂಡಿ ಸ್ವಲ್ಪ ಹುಳಿತ ಹಾಗೆ ಮೂಗಿಗೆ ಅಡರುತ್ತದೆ. ಸಿಂಧನೂರಿನ ರೈಸ್‌ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ ಆಟೋದಲ್ಲಿ ಹೋಗುವಾಗ ಈಗಲೂ ಅದು ಬಂದರೆ ನಾನು ಸೆರಗನ್ನು ಮೂಗಿಗೆ ಹಿಡಿದುಕೊಳ್ಳುತ್ತೇನೆ. ಜೊತೆಗಿದ್ದವರು ಧೂಳಿಗೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ, ಯಾರಿಗೂ ಹೇಳಿರುವುದಿಲ್ಲ ಅಷ್ಟೆ. ನನ್ನದು ನಮ್ಮ ಆಯಿ ತೀರಿಕೊಂಡ ದಿನದ್ದು.

ಆಯಿ ಅಂದರೆ ಅಪ್ಪನ ಅವ್ವ. ಮಿಲ್ಲಿನ ಹಿಂದೆಯೇ ನಮ್ಮ ಮನೆಯಿತ್ತು. ಉದ್ದನೆಯ ಪಡಸಾಲೆ, ಮುಂದೆ ಕಲ್ಲು ಹಾಸಿದ ಅಂಗಳ, ಮೇಲೆ ತಗಡು. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ಶಿವರಾತ್ರಿಗೆ 'ಶಿವ ಶಿವಾ' ಅಂತ ಹೋಗಬೇಕಾದ ಚಳಿ ಆ ವರ್ಷ ಹೋಗಿರಲಿಲ್ಲ. ಮುಂಜಾನೆ ಲಿಂಗಪೂಜೆ ಮುಗಿಸಿ, ಖಾರದ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದು, ಬಿಸಿಲಿಗೆಂದು ಗೋಡೆಗೆ ಒರಗಿ ಕುಳಿತ ಆಯಿ ಮತ್ತೆ ಏಳಲಿಲ್ಲ. ಸಾಯುವಾಗ ಯಾರಿಗೂ ತ್ರಾಸು ಕೊಡಬಾರದು ಅಂತ ಹಠ ಹಿಡಿದ ಮುದುಕಿ ಅದು. ಹಾಗೇ ಹೋದಳು. ತ್ರಾಸು ಶುರುವಾಗಿದ್ದು ಆಮೇಲೆ.

ಆಯಿಗೆ ಇದ್ದವಳು ಒಬ್ಬಳೇ ಮಗಳು, ನನ್ನ ಶರಣಮ್ಮತ್ತೆ. ಗುರುಗುಂಟಾಕ್ಕೆ ಕೊಟ್ಟಿದ್ದರು. ಹಿಂದೆ ಅಜ್ಜ ತೀರಿಕೊಂಡಾಗ ಅವಳು ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಹಸಿ ಮಣ್ಣಿನ ಮೇಲೆ ಬಿದ್ದು ಕೈಯಿಂದ ಬಗೆಯಲು ಹೋದಳಂತೆ. ನಾಲ್ಕು ಜನ ಹಿಡಿದು ಎಬ್ಬಿಸಬೇಕಾಯಿತಂತೆ. ಆವತ್ತಿನಿಂದ ಬಂದಾಗಲೆಲ್ಲ ಅಪ್ಪನಿಗೆ ಒಂದೇ ಮಾತು: "ಅಣ್ಣಾ, ಅಪ್ಪನ ಮುಖ ತೋರಿಸ್ಲಿಲ್ಲ ನೀವು. ಅವ್ವಂದರ ತೋರಿಸು, ಮರೀಬ್ಯಾಡ." ಅಪ್ಪ ಆಯಿಯ ಎದುರಿಗೇ ಮಾತು ಕೊಟ್ಟಿದ್ದ. ಆಯಿ ನಕ್ಕಿದ್ದಳು: "ನಾ ಇನ್ನಾ ಉಸಿರಾಡಾಕತ್ತೀನಿ, ಈಗ್ಲೇ ನನ್ನ ಹೆಣದ ಪಂಚಾಯ್ತಿ ಹಚ್ಚೀರಲ್ಲಲೇ!"

ಗುರುಗುಂಟಾದ ಅಂಗಡಿಯೊಂದಕ್ಕೆ ಅಪ್ಪ ಫೋನ್ ಹಚ್ಚಿದ. ಅತ್ತೆ ಹೊರಟಳೆಂದು ತಿಳಿಯಿತು. ಇತ್ತ ಆಯಿಗೆ ನೀರು ಹಾಕಿ, ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಮಧ್ಯಾಹ್ನ ಮುಗಿಲು ಕಪ್ಪಾಯಿತು. ಮೊದಲು ಗಾಳಿ, ಅದರ ಹಿಂದೆಯೇ ಆಣೆಕಲ್ಲಿನ ಮಳೆ. ಅಬ್ಬಾ, ಆ ತಗಡಿನ ಸದ್ದು! ಅಳುವ ಹೆಂಗಸರ ಬಾಯಿ ಕಾಣಿಸುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಕಂಬಗಳು ಉರುಳಿ ಕರೆಂಟು ಹೋಯಿತು, ಫೋನೂ ಸತ್ತಿತು. ಮಳೆ ನಿಂತ ಮೇಲೆ ಸೈಕಲ್ ಮೇಲೆ ಬಂದ ಒಬ್ಬರು ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಇಲ್ಲಿಯವರೆಗೆ ದಾರಿ ತುಂಬ ಗಿಡ ಬಿದ್ದಾವೆ, ಬಸ್ಸು ಬಂದ್ ಅಂದರು. ಅತ್ತೆ ಬರಬೇಕಾದ ದಾರಿಯೂ ಅದೇ.

ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರು ಆಕಾಶ ನೋಡಿ, "ಹೊತ್ತು ಮುಣುಗೂದ್ರೊಳಗ ಮಣ್ಣು ಮಾಡೂದು ಛಲೋ ನೋಡ್ರಿ" ಎಂದರು. "ತಂಗಿ ಬಂದು ಅವ್ವನ ಮುಖ ನೋಡ್ಲಾರದ ನಾ ಎತ್ತಂಗಿಲ್ರಿ ಅಯ್ಯಾರ" ಅಂದ ಅಪ್ಪ. "ನಾಳೆ ಮಟ ಹೆಂಗ ಇಡ್ತೀಯಪಾ? ಕರೆಂಟಿಲ್ಲ, ಐಸ್ ಫ್ಯಾಕ್ಟರಿ ಬಂದ್ ಆಗೇದ." ಈಗಾದರೆ ಒಂದು ಫೋನಿಗೆ ಹೆಣ ಇಡುವ ತಂಪಿನ ಗಾಜಿನ ಪೆಟ್ಟಿಗೆ, ಅದರ ಬೆನ್ನಿಗೆ ಜನರೇಟರ್ ಮನೆ ಬಾಗಿಲಿಗೆ ಬರುತ್ತವೆ. ಆಗ ಅಪ್ಪ ಏನು ಮಾಡಬೇಕಿತ್ತು? ಪಡಸಾಲೆಯ ಕಂಬಕ್ಕೆ ಹಣೆ ಹಚ್ಚಿ ನಿಂತುಬಿಟ್ಟ.

ಅವ್ವ ಅಂಗಳ ತೋರಿಸಿದಳು. ಅದು ಬೆಳ್ಳಗೆ ತುಂಬಿತ್ತು. "ಇದು ಐಸ್ ಅಲ್ಲೇನ್ರಿ? ಹೊಟ್ಟಿನಾಗ ಮುಚ್ಚಿಟ್ರ ಲಗೂನ ಕರಗಂಗಿಲ್ಲ. ಆರ್.ಎಚ್. ಕ್ಯಾಂಪಿನ ಬಂಗಾಲಿ ಮಂದಿ ಮೀನಿಗೆ ಹಂಗ ಹಾಕ್ತಾರಲ್ಲ." ಅಪ್ಪನ ತಮ್ಮ, ನಮ್ಮ ಕಾಕಾ, ಕಣ್ಣೀರು ಒರೆಸುತ್ತಲೇ ಗದರಿದ: "ಮೀನಂತ ಮೀನು! ಸುಮ್ನಿರು ವೈನಿ, ಅವ್ವ ಕೇಳಿದ್ರ ಎದ್ದು ಹೊರಗ ಹೊಕ್ಕಾಳ." ಗದರಿದವನೇ ಮೊದಲು ಬುಟ್ಟಿ ಹಿಡಿದು ಮಿಲ್ಲಿನ ಹೊಟ್ಟಿನ ಗುಡ್ಡೆಗೆ ಓಡಿದ.

ನಾವೆಲ್ಲ ಮೊರ, ಪರಾತ, ಕೊಡ, ಸಿಕ್ಕಿದ್ದರಲ್ಲಿ ಬಳಿದೆವು. ಹೊಲದಲ್ಲಿ ನೆಲ್ಲಿನ ಪೈರನ್ನು ಮಲಗಿಸಿದ್ದೂ ಇದೇ ಕಲ್ಲು. ಅಪ್ಪ ಹೊಲದ ಮಾತೇ ಎತ್ತಲಿಲ್ಲ, ಬಂಗಾರ ಆರಿಸಿದ ಹಾಗೆ ಆರಿಸಿದ. ಬೆರಳು ಸೆಟೆದು ಮಡಿಚಲಾಗದೆ ನಾನು ಅತ್ತುಬಿಟ್ಟೆ. ಆಣೆಕಲ್ಲಿಗೆ ಹೊಟ್ಟು ಬೆರೆಸಿ ಗೋಣಿಚೀಲಗಳಿಗೆ ತುಂಬಿ ಆಯಿಯ ಸುತ್ತ, ಬೆನ್ನಿಗೆ, ಮಡಿಲಿಗೆ ಒಟ್ಟಿದರು. ಚೀಲಗಳ ನಡುವೆ ಮುಖವೊಂದು ಕಾಣುತ್ತಿತ್ತು. ಕಂದೀಲಿನ ಬೆಳಕಿನಲ್ಲಿ ರಾತ್ರಿಯೆಲ್ಲ ಚೀಲಗಳಿಂದ ಕಂದು ನೀರು ಇಳಿಯಿತು, ಅವ್ವ ಅರಿವೆಯಿಂದ ಒರೆಸಿ ಒರೆಸಿ ಹಿಂಡಿದಳು. ಆ ವಾಸನೆ ಆಗ ನನ್ನ ಮೂಗಿಗೆ ಹೊಕ್ಕಿದ್ದು.

ಮರುದಿನವೂ ಕರೆಂಟು ಬರಲಿಲ್ಲ, ಅತ್ತೆಯೂ ಬರಲಿಲ್ಲ. ಬಿಸಿಲೇರಿತು. ಚೀಲಗಳು ಒಂದೊಂದೇ ಕುಸಿದವು. "ಇನ್ನ ತಡದ್ರ ಆಕೀಗೆ ಅಪಮಾನ ಮಾಡಿದಂಗ ಆಕ್ಕೇತಿ" ಎಂದರು ಅಯ್ಯನವರು, ಸಿಟ್ಟಿನಿಂದಲ್ಲ. ಅವ್ವ ಕರಗಿದ ಚೀಲಗಳನ್ನು ಹಿತ್ತಲಿಗೆ ಸಾಗಿಸಿ, ನೆಲ ಒರೆಸಿ, ಆಯಿಗೆ ಹೊಸ ಸೀರೆ ಹೊದಿಸಿದಳು. ಹೊತ್ತೊಯ್ಯುವವರು ನಡ ಕಟ್ಟಿ ನಿಂತರು. ಅಷ್ಟರಲ್ಲಿ ಓಣಿಯಲ್ಲಿ ಟ್ರ್ಯಾಕ್ಟರ್ ನಿಂತ ಸದ್ದು. ರಾತ್ರಿ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು, ಮುಂಜಾನೆ ಸಿಕ್ಕ ಟ್ರ್ಯಾಕ್ಟರಿನವನ ಕೈಕಾಲು ಹಿಡಿದು ಶರಣಮ್ಮತ್ತೆ ಬಂದಿದ್ದಳು. ಮೊಣಕಾಲಿನವರೆಗೆ ಕೆಸರು. ಅಪ್ಪ ಪಡಸಾಲೆಯತ್ತ ಕೈ ಮಾಡಿದ.

ಅವಳು ಕೂಗುತ್ತಾಳೆಂದು ನಾನು ಕಿವಿ ಮುಚ್ಚಿಕೊಂಡಿದ್ದೆ. ಕೂಗಲಿಲ್ಲ. ಆಯಿಯ ಎದುರಿಗೆ ಕುಳಿತು ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈ ಹಿಡಿದು ಬೆಚ್ಚಿಬಿದ್ದಳು.

"ಯವ್ವಾ, ಎಷ್ಟು ತಣ್ಣಗ ಆಗೀಯಬೇ! ಅಣ್ಣಾ, ನೋಡಿಲ್ಲಿ, ಅವ್ವ ಸೆಡೆತಾಳ. ಯಾರರ ಒಂದು ಕೌದಿ ತರ್ರಿ."

ಅವ್ವ ಒಳಗೆ ಹೋಗಿ ಕೌದಿ ತಂದು ಕೊಟ್ಟಳು. ಅತ್ತೆ ಅದನ್ನು ಆಯಿಗೆ ಕತ್ತಿನವರೆಗೆ ಹೊದಿಸಿ, ಕೈಗಳನ್ನು ತನ್ನ ಎರಡೂ ಅಂಗೈಯಲ್ಲಿಟ್ಟು ತಿಕ್ಕತೊಡಗಿದಳು, ನಡುನಡುವೆ ಬಾಯಿಯಿಂದ ಬಿಸಿ ಉಸಿರು ಊದುತ್ತಾ. ಮುಂಜಾನೆಯಿಂದ ಅವಸರ ಮಾಡಿದ್ದ ಅಯ್ಯನವರು ಕಟ್ಟೆಯ ಮೇಲೆ ಕುಳಿತು, "ಇರ್ಲಿ, ಸ್ವಲ್ಪ ಹೊತ್ತು ಇರ್ಲಿ" ಎಂದರು. ನಡ ಕಟ್ಟಿ ನಿಂತವರೆಲ್ಲ ಒಬ್ಬೊಬ್ಬರಾಗಿ ನೆಲಕ್ಕೆ ಕುಳಿತರು. ಅಪ್ಪ ಹಿತ್ತಲಿಗೆ ಹೋಗಿ, ಮೊದಲ ಸಲ, ಬಾಯಿ ಬಿಟ್ಟು ಅತ್ತ.

ಅಪ್ಪ, ಅವ್ವ, ಅತ್ತೆ ಯಾರೂ ಈಗ ಇಲ್ಲ. ಆವತ್ತು ಎಷ್ಟು ತಿಕ್ಕಿದರೂ ಆಯಿಯ ಕೈ ಬೆಚ್ಚಗಾಗಲಿಲ್ಲ. ಅತ್ತೆಯ ಕೈಗಳೇ ತಣ್ಣಗಾಗುತ್ತಾ ಹೋದವು. ಕೊನೆಗೆ ಅಪ್ಪ ಬಂದು ಅವಳ ಒಂದೊಂದೇ ಬೆರಳನ್ನು ಬಿಡಿಸಿದ.